ಲುಕ್ಲಾಕ್ಕೆ ಎಲ್ಲಿಂದ ಹಾರೋದು: ಕಠ್ಮಂಡುನಾ, ಮಂಥಲಿನಾ? ದೂರ, ಟೈಮು, ಕಾಯೋ ಲೆಕ್ಕ

ಎವರೆಸ್ಟ್ ಬೇಸ್ ಕ್ಯಾಂಪ್ ಕಡೆ ಹೊರಟಿರೋ ನಮ್ಮೋರು ಶೂ ಯಾವ್ದು ತಗೊಳ್ಳಿ ಅಂತ ಕೇಳ್ತಾರೆ, ಜಾಕೆಟ್ ಬಾಡಿಗೆಗೆ ಸಿಗುತ್ತಾ ಅಂತ ಕೇಳ್ತಾರೆ, ಊಟ ಹೇಗೆ ಅಂತ ಅಂತೂ ಎಲ್ಲರೂ ಕೇಳ್ತಾರೆ, ಆದ್ರೆ ಆ ಟ್ರೆಕ್ ಶುರುವಾಗೋ ಬೆಟ್ಟದೂರು ಲುಕ್ಲಾಕ್ಕೆ ಫ್ಲೈಟ್ ಎಲ್ಲಿಂದ ಹತ್ತೋದು ಅನ್ನೋ ಪ್ರಶ್ನೆ ಯಾರ ಬಾಯಲ್ಲೂ ಬರಲ್ಲ. ಏಜೆನ್ಸಿಯವರು ಹೇಳಿದ ಕಡೆಯಿಂದ ಹತ್ತಿದ್ರಾಯ್ತು ಅಂದ್ಕೊಂಡಿರ್ತಾರೆ. ನಾನೂ ಹಾಗೇ ಅಂದ್ಕೊಂಡಿದ್ದೆ. ಎರಡು ಸಲ ಹೋಗಿ ಬಂದ್ಮೇಲೆ ಗೊತ್ತಾಗಿದ್ದು ಏನಂದ್ರೆ, ಇಡೀ ಟ್ರಿಪ್ಪಲ್ಲಿ ದಿನ ಹಾಳಾಗೋದು, ದುಡ್ಡು ಹಾಳಾಗೋದು, ಮನಸ್ಸು ಕೆಡೋದು ಎಲ್ಲಾ ಈ ಒಂದು ಸಣ್ಣ ಹಾರಾಟದಲ್ಲೇ. ಮೊದಲ ಸಲ ಅಕ್ಕ, ಭಾವನ ಜೊತೆ ಅಕ್ಟೋಬರ್‌ನಲ್ಲಿ ಮಂಥಲಿಯಿಂದ ಹಾರಿದ್ದೆ, ಎರಡನೇ ಸಲ ಆಫೀಸ್ ಗೆಳೆಯರಿಬ್ಬರ ಜೊತೆ ಡಿಸೆಂಬರ್‌ನಲ್ಲಿ ಕಠ್ಮಂಡುವಿಂದ ಹಾರಿದ್ದೆ, ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ಹೇಳ್ತೀನಿ, ಹೆಲಿಕಾಪ್ಟರ್ ಮತ್ತೆ ಜೀಪಿನ ವಿಷಯನೂ ಕೊನೆಗೆ ಬರುತ್ತೆ.

ಮೊದಲು ದೂರ. ಕಠ್ಮಂಡುವಿಂದ ಲುಕ್ಲಾಕ್ಕೆ ನೇರ ಗೆರೆ ಎಳೆದ್ರೆ ಸುಮಾರು 135 ಕಿ.ಮೀ., ಹೆಚ್ಚುಕಮ್ಮಿ ಬೆಂಗಳೂರಿಂದ ಮೈಸೂರಿನಷ್ಟು. ಮಂಥಲಿಯಿಂದ ಲುಕ್ಲಾಕ್ಕೆ ಸುಮಾರು 73 ಕಿ.ಮೀ., ಅಂದ್ರೆ ಶಿವಮೊಗ್ಗದಿಂದ ಸಾಗರಕ್ಕೆ ಹೋದಷ್ಟು. ಮಂಥಲಿ ಅನ್ನೋದು ರಾಮೇಛಾಪ್ ಜಿಲ್ಲೆಯಲ್ಲಿ ತಾಮಾಕೋಶಿ ನದಿ ಪಕ್ಕ ಇರೋ ಊರು, ಟಿಕೆಟ್ ಮೇಲೆ ಕೆಲವು ಸಲ ರಾಮೇಛಾಪ್ ಅಂತ ಇರುತ್ತೆ, ಗಾಬರಿ ಬೀಳ್ಬೇಡಿ, ಎರಡೂ ಒಂದೇ ಏರ್‌ಪೋರ್ಟ್. ಈಗ ಕಠ್ಮಂಡುವಿಂದ ಮಂಥಲಿಗೆ ಎಷ್ಟು ಅಂದ್ರೆ ನೇರ ಗೆರೆಯಲ್ಲಿ 77 ಕಿ.ಮೀ. ಮಾತ್ರ, ಆದ್ರೆ ರಸ್ತೆಯಲ್ಲಿ 130 ಕಿ.ಮೀ. ದಾಟುತ್ತೆ, ಯಾಕಂದ್ರೆ ಬೆಟ್ಟ ಹತ್ತಿ, ಇಳಿದು, ಹೊಳೆ ಬದಿ ಹಿಡಿದು ಸುತ್ತಿ ಹೋಗ್ಬೇಕು. ಹೀಗಾಗಿ ಮಂಥಲಿಯಿಂದ ಹಾರಿದ್ರೆ ಆಕಾಶದಲ್ಲಿ 62 ಕಿ.ಮೀ. ಉಳಿಯುತ್ತೆ, ಅದಕ್ಕೆ ಬದಲಾಗಿ ನೆಲದ ಮೇಲೆ 130 ಕಿ.ಮೀ. ಕುಲುಕಾಡ್ಬೇಕು. ಇದಿಷ್ಟೇ ನೋಡಿದ್ರೆ ಯಾರಾದ್ರೂ ಕಠ್ಮಂಡುನೇ ವಾಸಿ ಅಂತಾರೆ, ನಾನೂ ಅಂದಿದ್ದೆ.

ಇನ್ನು ಟೈಮು. ಇಲ್ಲಿ ಓಡೋದು ದೊಡ್ಡ ಜೆಟ್ ಅಲ್ಲ, ಟ್ವಿನ್ ಆಟರ್, ಡಾರ್ನಿಯರ್, ಎಲ್-410 ಥರದ ರೆಕ್ಕೆಗೆ ಫ್ಯಾನ್ ಇರೋ ಪುಟ್ಟ ವಿಮಾನಗಳು, ಹದಿನೈದು ಹದಿನೆಂಟು ಜನ ಕೂರಬಹುದು ಅಷ್ಟೇ. (ಡಾರ್ನಿಯರ್ 228 ನಮ್ಮ ಎಚ್‌ಎಎಲ್ ಕೂಡ ಕಾನ್ಪುರದಲ್ಲಿ ಲೈಸೆನ್ಸ್ ಮೇಲೆ ಮಾಡುತ್ತೆ, ಅದನ್ನ ನೋಡಿದಾಗ ಸ್ವಲ್ಪ ನಮ್ಮನೆ ವಿಮಾನ ಅನ್ನಿಸ್ತು.) ಟ್ವಿನ್ ಆಟರ್ ಗಂಟೆಗೆ 280 ಕಿ.ಮೀ. ಆಸುಪಾಸು ಹೋಗುತ್ತೆ ಅಂತಿಟ್ಕೊಳ್ಳಿ, 135 ಕಿ.ಮೀ.ಗೆ 29 ನಿಮಿಷ, 73 ಕಿ.ಮೀ.ಗೆ ಹದಿನೈದು ನಿಮಿಷ ಚಿಲ್ಲರೆ. ಏರೋದು ಇಳಿಯೋದು ಕಣಿವೆ ತಿರುವು ಎಲ್ಲಾ ಸೇರಿಸಿದ್ರೆ ಕಠ್ಮಂಡುವಿಂದ 30ರಿಂದ 35 ನಿಮಿಷ, ಮಂಥಲಿಯಿಂದ 15ರಿಂದ 20 ನಿಮಿಷ. ನನ್ನ ವಾಚಲ್ಲಿ ಮಂಥಲಿ ಹಾರಾಟ 18 ನಿಮಿಷ ಆಯ್ತು, ಕಠ್ಮಂಡು ಹಾರಾಟ 33 ನಿಮಿಷ. ಈ ಹದಿನೈದು ನಿಮಿಷದ ವ್ಯತ್ಯಾಸ ಕೂತಿರೋ ನಮಗೆ ಲೆಕ್ಕಕ್ಕೇ ಇಲ್ಲ, ಆದ್ರೆ ವಿಮಾನಕ್ಕೆ ಅದು ಭಾರೀ ದೊಡ್ಡದು, ಅದನ್ನ ಆಮೇಲೆ ಹೇಳ್ತೀನಿ, ಯಾಕಂದ್ರೆ ಇಡೀ ಹೋಲಿಕೆಯ ಕೀಲಿ ಇರೋದೇ ಅಲ್ಲಿ.

ನಿಮಗೆ ಆಯ್ಕೆ ಇದ್ಯಾ ಅನ್ನೋದು ಮೊದಲು ನೋಡ್ಬೇಕು. ಮಾರ್ಚಿಂದ ಮೇ, ಆಮೇಲೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್, ಈ ಎರಡು ಸೀಸನ್ನಲ್ಲಿ ಲುಕ್ಲಾ ವಿಮಾನಗಳು ಬಹುಪಾಲು ಮಂಥಲಿಯಿಂದಲೇ ಹಾರ್ತವೆ. ಕಠ್ಮಂಡು ತ್ರಿಭುವನ್ ಏರ್‌ಪೋರ್ಟಲ್ಲಿ ಇರೋದು ಒಂದೇ ರನ್‌ವೇ, ದೆಹಲಿಯಿಂದ ದೋಹಾದಿಂದ ಬರೋ ದೊಡ್ಡ ವಿಮಾನಗಳೂ ಅದರಲ್ಲೇ, ಪೋಖರಾ ಭದ್ರಪುರ ವಿಮಾನಗಳೂ ಅದರಲ್ಲೇ, ಇದರ ಮಧ್ಯೆ ಬೆಳಗ್ಗೆ ಬೆಳಗ್ಗೆ ಡಜನ್‌ಗಟ್ಟಲೆ ಪುಟ್ಟ ವಿಮಾನಗಳು ಲುಕ್ಲಾಕ್ಕೆ ಹೋಗಿ ಬಂದು ಮಾಡಿದ್ರೆ ಜಾಗ ಎಲ್ಲಿ. 2019ರಲ್ಲಿ ರನ್‌ವೇ ರಿಪೇರಿ ಟೈಮಲ್ಲಿ ಮಂಥಲಿಗೆ ಕಳಿಸೋಕೆ ಶುರು ಮಾಡಿದ್ರು, ಅದೇ ರೂಢಿಯಾಯ್ತು. ಸೀಸನ್ ಬಿಟ್ಟು, ಅಂದ್ರೆ ಡಿಸೆಂಬರ್, ಜನವರಿ, ಫೆಬ್ರವರಿಯಲ್ಲಿ ಹೋದ್ರೆ ಕಠ್ಮಂಡುವಿಂದ ನೇರ ಸಿಗೋ ಸಾಧ್ಯತೆ ಜಾಸ್ತಿ. ಬುಕ್ ಮಾಡೋವಾಗ ಟಿಕೆಟ್ ಮೇಲೆ ಹೊರಡೋ ಜಾಗ ಯಾವ್ದು ಅಂತ ಬರೆಸಿಕೊಳ್ಳಿ, ಬಾಯಿಮಾತು ನಂಬ್ಬೇಡಿ. ನಮ್ಮ ಏಜೆನ್ಸಿಯವರು ಬುಕ್ಕಿಂಗ್ ಟೈಮಲ್ಲಿ ಕಠ್ಮಂಡು ಅಂದೋರು, ಹೊರಡೋ ಹಿಂದಿನ ಸಂಜೆ ಐದು ಗಂಟೆಗೆ ಫೋನ್ ಮಾಡಿ "ಮಂಥಲಿ, ರಾತ್ರಿ ಒಂದಕ್ಕೆ ವ್ಯಾನ್ ಬರುತ್ತೆ" ಅಂದ್ರು. ಅಕ್ಕ ಆಗಷ್ಟೇ ಸ್ನಾನ ಮಾಡಿ, ಬೆಳಗ್ಗೆ ಐದಕ್ಕೆ ಎದ್ರೆ ಸಾಕು ಅಂತ ಅಲಾರಂ ಇಟ್ಟು ಮಲಗೋಕೆ ರೆಡಿಯಾಗಿದ್ಲು.

ಆ ರಾತ್ರಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಥಮೇಲ್ ಗಲ್ಲಿಯಿಂದ ಒಂದು ಗಂಟೆಗೆ ಹೊರಟ್ವಿ, ಹದಿಮೂರು ಜನ, ಬ್ಯಾಗೆಲ್ಲಾ ವ್ಯಾನ್ ಮೇಲೆ. ಧುಲಿಖೇಲ್ ತನಕ ಏನೂ ತೊಂದ್ರೆ ಇಲ್ಲ, ಆಮೇಲೆ ಶುರುವಾಯ್ತು ನೋಡಿ ತಿರುವು, ಆಗುಂಬೆ ಘಾಟಿ ಒಂದೇ ಸಮನೆ ಮೂರು ಗಂಟೆ ಇಳಿದು ಹತ್ತಿದ ಹಾಗೆ. ಅಕ್ಕನಿಗೆ ಹೊಟ್ಟೆ ತೊಳಸೋಕೆ ಶುರುವಾಗಿ ಎರಡು ಸಲ ಗಾಡಿ ನಿಲ್ಲಿಸಿದ್ವಿ. ನೇಪಾಲ್‌ಥೋಕ್ ಹತ್ರ ಒಂದು ಚಹಾ ಅಂಗಡಿ ತೆಗೆದಿತ್ತು, ಕತ್ತಲಲ್ಲಿ ಹೊಳೆ ಸದ್ದು, ಅಕ್ಕ ಬೆಂಚಿನ ಮೇಲೆ ತಲೆ ಹಿಡ್ಕೊಂಡು ಕೂತು "ಲೋ, ಇನ್ನೆಷ್ಟು ದೂರನೋ?" ಅಂದ್ಲು. "ಇನ್ನೊಂದೂವರೆ ಗಂಟೆ ಅಕ್ಕ, ನಿಂಬೆಹುಳಿ ಪೆಪ್ಪರ್‌ಮಿಂಟ್ ಇದೆ, ಬಾಯಿಗೆ ಹಾಕ್ಕೋ" ಅಂದೆ. ಭಾವ ಏನೂ ಮಾತಾಡದೆ ತಮ್ಮ ಶಾಲು ತೆಗೆದು ಅವಳ ಹೆಗಲಿಗೆ ಹೊದಿಸಿದ್ರು. ಮಂಥಲಿ ಮುಟ್ಟಿದಾಗ ಐದೂಮುಕ್ಕಾಲು. ಇದು ರಸ್ತೆ ಸರಿಯಾಗಿದ್ದಾಗಿನ ಲೆಕ್ಕ. ಈ ಬಿ.ಪಿ. ಹೈವೇ 2024ರ ಸೆಪ್ಟೆಂಬರ್ ಪ್ರವಾಹದಲ್ಲಿ ಕಾವ್ರೆ ಕಡೆ ಎಷ್ಟೋ ಜಾಗದಲ್ಲಿ ಕೊಚ್ಕೊಂಡು ಹೋಗಿತ್ತು, ಹಾಗಾಗಿ ನೀವು ಹೋಗೋ ವಾರ ರಸ್ತೆ ಹೇಗಿದೆ, ರಾತ್ರಿ ಗಾಡಿ ಬಿಡ್ತಾರಾ ಅಂತ ಹೋಟೆಲಲ್ಲೇ ವಿಚಾರಿಸಿಕೊಳ್ಳಿ, ನಾಲ್ಕೈದು ಗಂಟೆ ಅನ್ನೋದು ಆರೇಳೂ ಆಗಬಹುದು.

ಮಂಥಲಿ ಏರ್‌ಪೋರ್ಟ್ ಅಂದ್ರೆ ನಮ್ಮ ತಾಲೂಕು ಬಸ್ ಸ್ಟ್ಯಾಂಡಿನಷ್ಟು ಇರ್ಬಹುದು. ಸಮುದ್ರಮಟ್ಟದಿಂದ 474 ಮೀಟರ್ ಅಷ್ಟೇ ಎತ್ತರ, ಬೆಂಗಳೂರಿಗಿಂತಲೂ ತಗ್ಗು, ಬೆಳಗ್ಗೆನೇ ಸೆಖೆ. ಎಲ್ಲರೂ ಲುಕ್ಲಾ ಚಳಿಗೆ ಅಂತ ಎರಡು ಮೂರು ಪದರ ಬಟ್ಟೆ ಹಾಕ್ಕೊಂಡು ಬೆವರ್ತಾ ಸಾಲಲ್ಲಿ ನಿಂತಿರ್ತಾರೆ. ಬ್ಯಾಗ್ ತೂಗ್ತಾರೆ, ಕೈಚೀಲ ತೂಗ್ತಾರೆ, ನಮ್ಮನ್ನೂ ತೂಗಿದ್ರು, ಅಕ್ಕಿ ಮೂಟೆ ತೂಗೋ ಅಂಥದ್ದೇ ತಕ್ಕಡಿ. ಲಗೇಜು 10 ಕೆಜಿ, ಕೈಚೀಲ 5 ಕೆಜಿ, ಒಟ್ಟು 15. ನನ್ನ ಬ್ಯಾಗ್ 12 ಇತ್ತು, ಪಕ್ಕಕ್ಕೆ ತಗೊಂಡೋಗಿ ಪವರ್ ಬ್ಯಾಂಕು, ಚಟ್ನಿಪುಡಿ ಡಬ್ಬಿ, ಕ್ಯಾಮೆರಾ ಲೆನ್ಸು ಎಲ್ಲಾ ಜಾಕೆಟ್ ಜೇಬಿಗೆ ತುರುಕಿ ಮತ್ತೆ ಸಾಲಿಗೆ ಬಂದೆ. ಹೆಚ್ಚಾದ ಕೆಜಿಗೆ ದುಡ್ಡು ಕೊಡ್ತೀನಿ ಅಂದ್ರೂ ಜನ ತುಂಬಿದ್ರೆ ಬ್ಯಾಗನ್ನ ಆಮೇಲೆ ಬರೋ ವಿಮಾನಕ್ಕೆ ಬಿಡೋದುಂಟು, ಹಾಗಾಗಿ ಮೊದಲ ರಾತ್ರಿಗೆ ಬೇಕಾದ ಬೆಚ್ಚನೆ ಬಟ್ಟೆ, ಔಷಧಿ ಕೈಚೀಲದಲ್ಲೇ ಇರಲಿ.

ಒಳಗೆ ಕೂತ್ಮೇಲೆ ಒಂದು ಹುಡುಗಿ ತಟ್ಟೆಯಲ್ಲಿ ಹತ್ತಿ ಮತ್ತೆ ಚಾಕೊಲೇಟ್ ತಂದ್ಲು, ಹತ್ತಿ ಕಿವಿಗೆ, ಚಾಕೊಲೇಟ್ ಬಾಯಿಗೆ. ಸೀಟ್ ನಂಬರ್ ಇಲ್ಲ, ಮೊದಲು ಹತ್ತಿದವರು ಬೇಕಾದ ಕಡೆ ಕೂರಬಹುದು, ಹೋಗೋವಾಗ ಎಡಗಡೆ ಹಿಡೀರಿ, ಹಿಮದ ಸಾಲು ಉತ್ತರಕ್ಕೆ ಇರೋದ್ರಿಂದ ಆ ಕಡೆನೇ ಕಾಣೋದು, ಬರೋವಾಗ ಬಲಗಡೆ. ಪೈಲಟ್ ಕೂತಿರೋ ಜಾಗಕ್ಕೂ ನಮಗೂ ಮಧ್ಯೆ ಬಾಗಿಲು ಹಾಕಿರಲಿಲ್ಲ, ಅವರ ಭುಜದ ಮೇಲಿಂದ ಮುಂದಿನ ಗಾಜು ಕಾಣ್ತಿತ್ತು. ಹದಿನೈದನೇ ನಿಮಿಷಕ್ಕೆ ಆ ಗಾಜಿನಲ್ಲಿ ಬೆಟ್ಟದ ಮೈಮೇಲೆ ಅಂಟಿಸಿದ ಪಟ್ಟಿ ಥರ ಒಂದು ರನ್‌ವೇ ಕಾಣಿಸ್ತು, ಅದು ದೊಡ್ಡದಾಗ್ತಾ ಬಂತು, ಅದರ ಹಿಂದೆ ಗೋಡೆ, ಗೋಡೆ ಹಿಂದೆ ಊರು, ಊರ ಹಿಂದೆ ಬೆಟ್ಟ. ಅಕ್ಕ ನನ್ನ ಮಣಿಕಟ್ಟು ಹಿಡ್ಕೊಂಡಿದ್ದು ಬಿಟ್ಟಿದ್ದು ವಿಮಾನ ಮೇಲಿನ ಕೊನೆಗೆ ಹೋಗಿ ತಿರುಗಿ ನಿಂತ್ಮೇಲೆ.

ಆ ರನ್‌ವೇ ಎಷ್ಟು ಉದ್ದ ಗೊತ್ತಾ, 527 ಮೀಟರ್. ನಮ್ಮ ದೇವನಹಳ್ಳಿ ಏರ್‌ಪೋರ್ಟಿನ ಒಂದೊಂದು ರನ್‌ವೇನೂ 4,000 ಮೀಟರ್. ಲುಕ್ಲಾದ್ದು ಸಪಾಟಾಗೂ ಇಲ್ಲ, ಸುಮಾರು 11.7 ಪರ್ಸೆಂಟ್ ಏರು, ಕೆಳಗಿನ ತುದಿಗೂ ಮೇಲಿನ ತುದಿಗೂ ಅರವತ್ತು ಮೀಟರ್ ವ್ಯತ್ಯಾಸ, ಅಂದ್ರೆ ಇಪ್ಪತ್ತು ಮಹಡಿ ಕಟ್ಟಡದಷ್ಟು. ಇಳಿಯೋ ವಿಮಾನಕ್ಕೆ ಆ ಏರೇ ಬ್ರೇಕು, ಹೊರಡೋ ವಿಮಾನಕ್ಕೆ ಆ ಇಳಿಜಾರೇ ವೇಗ. 2,845 ಮೀಟರ್ ಎತ್ತರದಲ್ಲಿ ಗಾಳಿ ಕಾಲು ಭಾಗದಷ್ಟು ತೆಳು ಬೇರೆ, ರೆಕ್ಕೆಗೂ ಎಂಜಿನ್‌ಗೂ ಅಷ್ಟು ಬಲ ಕಮ್ಮಿ. ಎಡ್ಮಂಡ್ ಹಿಲರಿ 1964ರಲ್ಲಿ ಶೆರ್ಪಾ ಜನರನ್ನ ಕಟ್ಕೊಂಡು ಇದನ್ನ ಮಾಡಿಸಿದ್ದು, ಮಣ್ಣು ಗಟ್ಟಿಯಾಗ್ಲಿ ಅಂತ ಊರವರು ಸಾಲಾಗಿ ನಿಂತು ಕಾಲು ಕುಟ್ಟಿ ಕುಣಿದ್ರು ಅನ್ನೋ ಕಥೆ ಅಲ್ಲಿ ಇವತ್ತಿಗೂ ಹೇಳ್ತಾರೆ. ಟಾರ್ ಹಾಕಿದ್ದು 2001ರಲ್ಲಿ, ತೇನ್‌ಸಿಂಗ್-ಹಿಲರಿ ಏರ್‌ಪೋರ್ಟ್ ಅಂತ ಹೆಸರಿಟ್ಟಿದ್ದು 2008ರಲ್ಲಿ.

ಇದನ್ನೆಲ್ಲಾ ಯಾಕೆ ಹೇಳಿದೆ ಅಂದ್ರೆ, ಇಲ್ಲಿ ಇಳಿಯೋಕೆ ಪೈಲಟ್‌ಗೆ ಕಣ್ಣಿಗೆ ರನ್‌ವೇ ಕಾಣಲೇಬೇಕು. ಮೋಡದಲ್ಲಿ ಯಂತ್ರ ನೋಡ್ಕೊಂಡು ಇಳಿಸೋ ವ್ಯವಸ್ಥೆ ಇಲ್ಲ, ಒಂದು ಹಂತ ದಾಟಿ ಹತ್ರ ಬಂದ್ಮೇಲೆ ಮತ್ತೆ ಏರಿ ಸುತ್ತು ಹಾಕ್ತೀನಿ ಅಂದ್ರೆ ಎದುರಿಗೆ ಬೆಟ್ಟ. ಹಾಗಾಗಿ ಮೋಡ ಬಂದ್ರೆ ಬಂದ್, ಗಾಳಿ ಜೋರಾದ್ರೆ ಬಂದ್. ಸಾಮಾನ್ಯವಾಗಿ ಬೆಳಗ್ಗೆ ಆರರಿಂದ ಹನ್ನೊಂದು ಹನ್ನೆರಡರವರೆಗೆ ಸಿಕ್ಕಿದ್ದೇ ಭಾಗ್ಯ, ಮಧ್ಯಾಹ್ನದ ಮೇಲೆ ಕಣಿವೆಯಿಂದ ಮೋಡ, ಗಾಳಿ ಎರಡೂ ಏಳುತ್ತೆ.

ಈಗ ಆ ಹದಿನೈದು ನಿಮಿಷದ ಲೆಕ್ಕಕ್ಕೆ ಬರೋಣ. ಒಂದು ವಿಮಾನ ಮಂಥಲಿಯಿಂದ ಹೋಗೋಕೆ 20, ಲುಕ್ಲಾದಲ್ಲಿ ಜನ ಇಳಿಸಿ ಹತ್ತಿಸೋಕೆ 10, ವಾಪಸ್ 20, ಇಲ್ಲಿ ಮತ್ತೆ 10, ಒಟ್ಟು ಒಂದು ಗಂಟೆಗೆ ಒಂದು ಸುತ್ತು. ಕಠ್ಮಂಡುವಿಂದ ಆದ್ರೆ 35, 10, 35, 10, ಅಲ್ಲಿಗೇ ಒಂದೂವರೆ ಗಂಟೆ, ಅದರ ಮೇಲೆ ದೊಡ್ಡ ವಿಮಾನಗಳ ಹಿಂದೆ ಸಾಲಲ್ಲಿ ನಿಲ್ಲೋದು, ಇಳಿಯೋಕೆ ಮುಂಚೆ ಆಕಾಶದಲ್ಲಿ ಸುತ್ತೋದು. ಬೆಳಗ್ಗೆ ಆರರಿಂದ ಹನ್ನೊಂದು ಅಂದ್ರೆ ಐದು ಗಂಟೆ, ಮಂಥಲಿ ವಿಮಾನ ಐದು ಸುತ್ತು ಹೊಡೆಯುತ್ತೆ, ಕಠ್ಮಂಡು ವಿಮಾನಕ್ಕೆ ಮೂರು ಸುತ್ತಾದ್ರೆ ದೊಡ್ಡದು. ನಾಲ್ಕು ದಿನ ಮೋಡ ಮುಚ್ಚಿ ಐದನೇ ದಿನ ತೆರೆದಾಗ, ಅಷ್ಟೂ ದಿನದ ಜನ ಗುಂಪಾಗಿ ಕಾಯ್ತಿರ್ತಾರಲ್ಲ, ಆ ಗುಂಪು ಯಾವ ಕಡೆ ಬೇಗ ಕರಗುತ್ತೆ ಅಂತ ನೀವೇ ಲೆಕ್ಕ ಹಾಕಿ. ಇನ್ನೊಂದು ವಿಷಯ, ಲುಕ್ಲಾದಲ್ಲಿ ಮೋಡ ಅರ್ಧ ಗಂಟೆ ಮಾತ್ರ ಸರಿಯಿತು ಅಂತಿಟ್ಕೊಳ್ಳಿ. ವೈರ್‌ಲೆಸ್‌ನಲ್ಲಿ ಸುದ್ದಿ ಬಂದ ತಕ್ಷಣ ಮಂಥಲಿಯಿಂದ ಹೊರಟ ವಿಮಾನ ಇಪ್ಪತ್ತು ನಿಮಿಷಕ್ಕೆ ಅಲ್ಲಿರುತ್ತೆ, ಕಿಂಡಿ ಮುಚ್ಚೋ ಮುಂಚೆ ಇಳಿದಿರುತ್ತೆ. ಕಠ್ಮಂಡುವಿಂದ ಅದೇ ಕ್ಷಣ ಹೊರಟಿದ್ದು ಅಲ್ಲಿ ಮುಟ್ಟೋ ಹೊತ್ತಿಗೆ ಕಿಂಡಿ ಮುಚ್ಚಿರುತ್ತೆ. ನಾನು ಮಂಥಲಿ ಪರ ವಾಲೋದು ಇದೊಂದೇ ಕಾರಣಕ್ಕೆ, ಕಿ.ಮೀ. ಉಳಿಯೋದಕ್ಕಲ್ಲ, ನಿಮಿಷ ಉಳಿಯೋದಕ್ಕೂ ಅಲ್ಲ.

ಡಿಸೆಂಬರ್‌ನಲ್ಲಿ ಇದು ನನಗೆ ಅನುಭವಕ್ಕೇ ಬಂತು. ಆ ಸಲ ಕಠ್ಮಂಡು ಟಿಕೆಟ್, ರಾತ್ರಿ ಚೆನ್ನಾಗಿ ನಿದ್ದೆ, ಹೋಟೆಲಿಂದ ಟ್ಯಾಕ್ಸಿಯಲ್ಲಿ ಇಪ್ಪತ್ತು ನಿಮಿಷ, ಎಂಥಾ ಸುಖ ಅಂದ್ಕೊಂಡು ಆರೂವರೆ ಫ್ಲೈಟಿಗೆ ಐದೂವರೆಗೆ ಹೋಗಿ ಕೂತ್ವಿ. ಲುಕ್ಲಾದಲ್ಲಿ ಆಕಾಶ ಸ್ವಚ್ಛ, ನಮ್ಮ ಗೈಡ್ ಅಲ್ಲಿಂದ ಫೋಟೋ ಕಳಿಸ್ತಿದ್ದ, ಆದ್ರೆ ಕಠ್ಮಂಡು ಕಣಿವೆಯಲ್ಲೇ ಮಂಜು, ರನ್‌ವೇ ಕಾಣ್ತಿಲ್ಲ. ಮಂಜು ಕರಗಿದ್ದು ಒಂಬತ್ತಕ್ಕೆ, ಆಮೇಲೆ ಕಾಯ್ತಿದ್ದ ದೊಡ್ಡ ವಿಮಾನಗಳೆಲ್ಲಾ ಹೋಗಿ ನಮ್ಮ ಸರದಿ ಬಂದಿದ್ದು ಹತ್ತೂಕಾಲಿಗೆ. ಅರ್ಧಕ್ಕಿಂತ ಹೆಚ್ಚು ದಾರಿ ಹೋಗಿದ್ವಿ, ಲುಕ್ಲಾದಲ್ಲಿ ಗಾಳಿ ಎದ್ದಿದೆ ಅಂತ ಸುದ್ದಿ ಬಂತು, ವಿಮಾನ ವಾಪಸ್ ತಿರುಗ್ತು. ಕಿಟಕಿಯಲ್ಲಿ ಹಿಮಾಲಯ ಎಡದಿಂದ ಬಲಕ್ಕೆ ಬಂದಾಗಲೇ ನನಗೆ ಎದೆ ಧಸಕ್ ಅಂತು. ಆ ಪೈಲಟ್ ಮಾಡಿದ್ದು ನೂರಕ್ಕೆ ನೂರು ಸರಿ, ನನಗೆ ಅವರ ಮೇಲೆ ಗೌರವ ಹೆಚ್ಚಾಯ್ತೇ ಹೊರತು ಬೇಜಾರಿಲ್ಲ. ಮಾರನೇ ದಿನ ಎಂಟೂವರೆಗೆ ಹಾರಿ 33 ನಿಮಿಷದಲ್ಲಿ ಇಳಿದ್ವಿ. ಕಠ್ಮಂಡುವಿಂದ ಹಾರೋದ್ರ ತೊಂದ್ರೆ ಇದೇ, ಎರಡು ಬಾಗಿಲು ಒಂದೇ ಹೊತ್ತಿಗೆ ತೆರೆದಿರ್ಬೇಕು, ಇಲ್ಲಿಯದ್ದು ತೆರೆಯೋ ಹೊತ್ತಿಗೆ ಅಲ್ಲಿಯದ್ದು ಮುಚ್ಚಬಹುದು.

ಹಾಗಂತ ಕಠ್ಮಂಡು ಬೇಡವೇ ಬೇಡ ಅಂತಿಲ್ಲ. ವಯಸ್ಸಾದವರಿಗೆ, ಗಾಡಿಯಲ್ಲಿ ವಾಂತಿ ಆಗೋರಿಗೆ, ಬೆನ್ನು ನೋವು ಇರೋರಿಗೆ ರಾತ್ರಿಯೆಲ್ಲಾ ಕುಲುಕಾಡಿ ನಿದ್ದೆಗೆಟ್ಟು ಅದೇ ದಿನ ಮೂರು ನಾಲ್ಕು ಗಂಟೆ ನಡೆಯೋದು ಸಣ್ಣ ಮಾತಲ್ಲ. ಅಕ್ಕ ಲುಕ್ಲಾದಲ್ಲಿ ಇಳಿದಾಗ ಅವಳಿಗೆ ತಲೆನೋವು, ಅದು ಎತ್ತರದ್ದಾ, ನಿದ್ದೆಗೆಟ್ಟಿದ್ದಾ, ವಾಂತಿ ಮಾಡಿ ನೀರು ಕಮ್ಮಿಯಾಗಿದ್ದಾ ಅಂತ ಹೇಳೋಕೇ ಆಗ್ಲಿಲ್ಲ, ಇದು ನಿಜವಾಗ್ಲೂ ಅಪಾಯದ ಗೊಂದಲ. ಮಂಥಲಿಯಿಂದ ಹೋದ್ರೆ ಇಪ್ಪತ್ತು ನಿಮಿಷದ ಒಳಗೆ 2,370 ಮೀಟರ್ ಮೇಲೆ ಹೋಗಿರ್ತೀರಿ. ಅವತ್ತು ಲುಕ್ಲಾದಲ್ಲಿ ಉಳಿಯದೆ ಟ್ರೆಕ್ ದಾರಿಯಲ್ಲಿರೋ ಫಾಕ್‌ಡಿಂಗ್ ಅನ್ನೋ ಊರಿಗೆ ಇಳಿದು ಮಲಗಿ, ಅದು 2,610 ಮೀಟರ್, ಸ್ವಲ್ಪ ತಗ್ಗು, ದೇಹಕ್ಕೆ ಒಳ್ಳೇದು. ನಾವು ಹಾಗೇ ಮಾಡಿದ್ವಿ, ಬಿಸಿ ಬಿಸಿ ಬೆಳ್ಳುಳ್ಳಿ ಸೂಪ್ ಕುಡಿದು ಏಳು ಗಂಟೆಗೆ ಮಲಗಿದ ಅಕ್ಕ ಬೆಳಗ್ಗೆ ಆರಕ್ಕೆ ಎದ್ದು "ತಲೆನೋವು ಹೋಯ್ತು ಕಣೋ" ಅಂದ್ಲು.

ಮಂಥಲಿಯ ಕಷ್ಟಕ್ಕೆ ಒಂದು ಸರಳ ಪರಿಹಾರ ಇದೆ, ನಮಗೆ ಯಾರೂ ಹೇಳಿರಲಿಲ್ಲ. ಹಿಂದಿನ ದಿನವೇ ಬೆಳಕಿರುವಾಗ ಮಂಥಲಿಗೆ ಹೋಗಿ ಅಲ್ಲೇ ಲಾಡ್ಜಲ್ಲಿ ಮಲಗೋದು. ಸಾದಾ ಲಾಡ್ಜ್‌ಗಳೇ, ಫ್ಯಾನ್ ಇದ್ರೆ ಸಾಕು ಅನ್ನೋ ಮಟ್ಟ, ಆದ್ರೆ ಏರ್‌ಪೋರ್ಟಿಗೆ ನಡ್ಕೊಂಡೇ ಹೋಗಬಹುದು. ಒಂದು ದಿನ ಹೆಚ್ಚು ಹೋಗುತ್ತೆ ನಿಜ, ಆದ್ರೆ ಹಗಲಲ್ಲಿ ತಿರುವು ಕಣ್ಣಿಗೆ ಕಾಣೋದ್ರಿಂದ ಹೊಟ್ಟೆ ತೊಳಸೋದೂ ಕಮ್ಮಿ, ರಾತ್ರಿ ಘಾಟಿ ಡ್ರೈವಿಂಗ್ ಭಯನೂ ಇಲ್ಲ. ದುಡ್ಡಿನ ವಿಷಯಕ್ಕೆ ಬಂದ್ರೆ ಮಂಥಲಿ ಟಿಕೆಟ್ ಕಠ್ಮಂಡು ಟಿಕೆಟ್ಟಿಗಿಂತ ಅಗ್ಗ, ಆದ್ರೆ ವ್ಯಾನು, ಲಾಡ್ಜು ಸೇರಿಸಿದ್ರೆ ಹತ್ರ ಹತ್ರ ಅಷ್ಟೇ ಬೀಳುತ್ತೆ, ದರ ನೋಡ್ಕೊಂಡು ತೀರ್ಮಾನ ಮಾಡೋ ವಿಷಯ ಇದಲ್ಲ.

ವಾಪಸ್ ಬರೋದನ್ನ ಜನ ಮರೆತೇಬಿಡ್ತಾರೆ. ಹೋಗೋವಾಗ ಒಂದು ದಿನ ತಡವಾದ್ರೆ ಟ್ರೆಕ್ಕಲ್ಲಿ ಒಂದು ವಿಶ್ರಾಂತಿ ದಿನ ಕಡಿಮೆ ಮಾಡೋ ಯೋಚನೆ ಬರುತ್ತೆ (ದಯವಿಟ್ಟು ಮಾಡ್ಬೇಡಿ, ದೇಹ ಎತ್ತರಕ್ಕೆ ಹೊಂದಿಕೊಳ್ಳಲಿ ಅಂತ ದಾರಿಯ ಊರುಗಳಾದ ನಾಮ್ಚೆ ಮತ್ತೆ ದಿಂಗ್‌ಬೋಚೆಯಲ್ಲಿ ಇಡೋ ವಿಶ್ರಾಂತಿ ದಿನಗಳು ಜೀವ ಉಳಿಸೋವು), ಬರೋವಾಗ ತಡವಾದ್ರೆ ಕಠ್ಮಂಡು ಬೆಂಗಳೂರು ಟಿಕೆಟ್ ಹೋಯ್ತು. ಅಕ್ಟೋಬರ್‌ನಲ್ಲಿ ನಾವು ಲುಕ್ಲಾದಲ್ಲಿ ಎರಡು ದಿನ ಸಿಕ್ಕಿಬಿದ್ವಿ. ಬೆಳಗ್ಗೆ ಐದಕ್ಕೆ ಎದ್ದು ಕಿಟಕಿ ತೆಗೆದ್ರೆ ಎದುರು ಮನೆ ಕಾಣ್ತಿಲ್ಲ, ಮಳೆಗಾಲದ ತೀರ್ಥಹಳ್ಳಿ ಥರ. ಮೂರನೇ ದಿನ ಏಳೂಮುಕ್ಕಾಲಿಗೆ ಬೆಳಕು ಬಿತ್ತು, ಕೆಳಗೆ ಕಣಿವೆಯಿಂದ ಎಂಜಿನ್ ಸದ್ದು ಕೇಳಿಸ್ತು, ಲಾಡ್ಜಲ್ಲಿದ್ದವರೆಲ್ಲಾ ತಟ್ಟೆ ಬಿಟ್ಟು ಎದ್ದು ಓಡಿದ್ರು. ಮುಕ್ಕಾಲು ಗಂಟೆಯಲ್ಲಿ ಮಂಥಲಿಯಿಂದ ನಾಲ್ಕು ವಿಮಾನ ಬಂದು ಹೋದ್ವು, ನಾಲ್ಕನೇದರಲ್ಲಿ ನಾವು, ನಮ್ಮ ಹಿಂದೆ ಮೋಡ ಮುಚ್ಕೊಂಡಿತು. ಹಾಗಾಗಿ ಲುಕ್ಲಾ ಫ್ಲೈಟಿಗೂ ಮನೆಗೆ ಬರೋ ಫ್ಲೈಟಿಗೂ ಮಧ್ಯೆ ಎರಡು ಪೂರ್ತಿ ದಿನ ಬಿಡಿ. ಮಂಥಲಿಗೆ ಇಳಿಯೋರು ಅಲ್ಲಿಂದ ಮತ್ತೆ ಐದಾರು ಗಂಟೆ ರಸ್ತೆ ಇದೆ ಅನ್ನೋದನ್ನೂ ಸೇರಿಸಿಕೊಳ್ಳಿ, ಅದೇ ಸಂಜೆ ಕಠ್ಮಂಡುವಿಂದ ಫ್ಲೈಟ್ ಹಿಡೀತೀವಿ ಅನ್ನೋ ಯೋಚನೆ ಬೇಡ.

ಹೆಲಿಕಾಪ್ಟರ್ ಮೂರನೇ ದಾರಿ. ಕಠ್ಮಂಡುವಿಂದ ಲುಕ್ಲಾಕ್ಕೆ ಮುಕ್ಕಾಲು ಗಂಟೆ ಆಸುಪಾಸು, ಐದು ಜನ ಹಂಚ್ಕೊಂಡು ಹೋಗಬಹುದು, ಅದಕ್ಕೆ ಓಡೋಕೆ ರನ್‌ವೇ ಬೇಡ, ಹಾಗಾಗಿ ವಿಮಾನ ನಿಂತ ದಿನವೂ ಕೆಲವು ಸಲ ಹಾರುತ್ತೆ. ಆದ್ರೆ ಅದಕ್ಕೂ ಕಣ್ಣಿಗೆ ದಾರಿ ಕಾಣಬೇಕು, ಪೂರ್ತಿ ಮುಚ್ಚಿದ್ರೆ ಅದೂ ಇಲ್ಲ. ವಿಮಾನದ ದರದ ಎರಡು ಮೂರು ಪಟ್ಟು ಆಗುತ್ತೆ, ಜನ ಸಿಕ್ಕಿಬಿದ್ದ ದಿನ ಇನ್ನೂ ಏರುತ್ತೆ. ವಾಪಸ್ ಬರೋವಾಗ ಸಿಕ್ಕಿಬಿದ್ರೆ ಇರಲಿ ಅಂತ ಅಷ್ಟು ದುಡ್ಡು ಪಕ್ಕಕ್ಕಿಟ್ಟಿರಿ ಅಂತ ಹೇಳ್ತೀನಿ, ಹೋಗೋಕೆ ಅದನ್ನೇ ಮೊದಲ ಆಯ್ಕೆ ಮಾಡ್ಕೋಬೇಕು ಅಂತ ಹೇಳಲ್ಲ.

ವಿಮಾನವೇ ಬೇಡ ಅನ್ನೋರಿಗೆ ಜೀಪು. ಕಠ್ಮಂಡುವಿಂದ ಖುರ್ಕೋಟ್, ಒಖಲ್‌ಢುಂಗಾ ಮೇಲೆ ಸಲ್ಲೇರಿಗೆ ಹತ್ತು ಹನ್ನೆರಡು ಗಂಟೆ, ಅಲ್ಲಿಂದ ಮೂರು ದಿನ ನಡೆದ್ರೆ ಲುಕ್ಲಾ ದಾರಿ ಸೇರ್ತೀರಿ. ಈಗ ಥಾಮ್‌ಡಾಂಡಾ ತನಕ ಜೀಪ್ ಹೋಗೋದ್ರಿಂದ ನಡಿಗೆ ಒಂದೆರಡು ದಿನಕ್ಕೆ ಇಳಿದಿದೆ, ಆದ್ರೆ ಸಲ್ಲೇರಿ ಆಚೆಯ ರಸ್ತೆ ಕೊಡಚಾದ್ರಿ ಜೀಪ್ ದಾರಿಯನ್ನ ದಿನವಿಡೀ ಎಳೆದ ಹಾಗೆ, ಮಳೆ ಬಂದ್ರೆ ಇನ್ನೂ ಕಷ್ಟ. ಎರಡು ಕಡೆಯಿಂದ ನಾಲ್ಕೈದು ದಿನ ಹೆಚ್ಚು ರಜೆ ಇರೋರಿಗೆ ಇದು ಒಳ್ಳೇ ದಾರಿ, ದೇಹ ನಿಧಾನಕ್ಕೆ ಎತ್ತರಕ್ಕೆ ಹೊಂದಿಕೊಳ್ಳುತ್ತೆ, ಹವಾಮಾನಕ್ಕೆ ಕಾಯೋ ತಲೆಬಿಸಿ ಇಲ್ಲ. 1953ರಲ್ಲಿ ಹಿಲರಿ, ತೇನ್‌ಸಿಂಗ್ ಇದ್ದ ತಂಡ ಕಠ್ಮಂಡು ಕಣಿವೆಯಿಂದಲೇ ನಡ್ಕೊಂಡು ಹೋಗಿತ್ತು, ಆಗ ಲುಕ್ಲಾ ಏರ್‌ಪೋರ್ಟೇ ಇರಲಿಲ್ಲ.

ಸುರಕ್ಷತೆ ಬಗ್ಗೆ ಮನೆಯವರು ಕೇಳೇ ಕೇಳ್ತಾರೆ, ಮುಚ್ಚಿಡ್ಬೇಡಿ. 2008ರ ಅಕ್ಟೋಬರ್‌ನಲ್ಲಿ ಲುಕ್ಲಾದಲ್ಲಿ ಇಳಿಯೋವಾಗ ಮಂಜಲ್ಲಿ ಒಂದು ಟ್ವಿನ್ ಆಟರ್ ಬಿದ್ದು 18 ಜನ ತೀರಿಕೊಂಡ್ರು, ಪೈಲಟ್ ಒಬ್ಬರೇ ಉಳಿದಿದ್ದು. 2012ರ ಸೆಪ್ಟೆಂಬರ್‌ನಲ್ಲಿ ಲುಕ್ಲಾಕ್ಕೆ ಹೊರಟಿದ್ದ ಡಾರ್ನಿಯರ್ ಕಠ್ಮಂಡುವಲ್ಲೇ ಹಾರಿದ ಸ್ವಲ್ಪ ಹೊತ್ತಿಗೆ ಬಿದ್ದು 19 ಜನ ಹೋದ್ರು. 2019ರ ಏಪ್ರಿಲ್‌ನಲ್ಲಿ ಲುಕ್ಲಾದಲ್ಲಿ ಹೊರಡ್ತಿದ್ದ ವಿಮಾನ ಪಕ್ಕಕ್ಕೆ ಜಾರಿ ನಿಂತಿದ್ದ ಹೆಲಿಕಾಪ್ಟರಿಗೆ ಬಡಿದು ಮೂವರು ಸತ್ರು. 2013ರಲ್ಲಿ ಯುರೋಪಿಯನ್ ಯೂನಿಯನ್ ನೇಪಾಳದ ಎಲ್ಲಾ ವಿಮಾನ ಕಂಪನಿಗಳನ್ನೂ ತನ್ನ ನಿಷೇಧದ ಪಟ್ಟಿಗೆ ಸೇರಿಸ್ತು. ಇದರಲ್ಲಿ ಕಠ್ಮಂಡು ಸೇಫು, ಮಂಥಲಿ ಸೇಫಲ್ಲ ಅಂತ ಹೇಳೋಕೆ ಏನೂ ಇಲ್ಲ, ಎರಡೂ ಕಡೆ ಕೊನೆಗೆ ಅದೇ ರನ್‌ವೇ, ಅದೇ ಥರದ ವಿಮಾನ, ಅದೇ ಪೈಲಟ್‌ಗಳು. ನೀವು ಮಾಡಬಹುದಾದ್ದು ಒಂದೇ, ಬೆಳಗಿನ ಮೊದಲ ಅಥವಾ ಎರಡನೇ ಸುತ್ತಿಗೆ ಸೀಟ್ ಕೇಳಿ, ಆಮೇಲೆ ಪೈಲಟ್ ಇವತ್ತು ಬೇಡ ಅಂದ್ರೆ ಕೌಂಟರಲ್ಲಿ ಜಗಳ ಮಾಡ್ಬೇಡಿ. ಅಲ್ಲಿ ಕೂಗಾಡಿ ಒತ್ತಡ ಹಾಕೋ ಜನರನ್ನ ನೋಡಿ ನನಗೆ ನಿಜವಾಗ್ಲೂ ಸಂಕಟ ಆಯ್ತು.

ನಮ್ಮ ದೇಶದವರಿಗೆ ಒಂದೆರಡು ಮಾತು. ನೇಪಾಳಕ್ಕೆ ವೀಸಾ ಬೇಡ, ಆದ್ರೆ ವಿಮಾನದಲ್ಲಿ ಹೋಗೋಕೆ ಪಾಸ್‌ಪೋರ್ಟ್ ಇಲ್ಲಾ ವೋಟರ್ ಐಡಿ ಬೇಕು, ಆಧಾರ್ ಸಾಲದು. ಅಲ್ಲಿನ ದೇಶೀಯ ವಿಮಾನಗಳಲ್ಲಿ ಭಾರತೀಯರಿಗೆ ಬೇರೆ ದರ ಇರೋದುಂಟು, ಏಜೆನ್ಸಿಯವರು ಡಾಲರ್ ದರ ಹೇಳಿದ್ರೆ ಇಂಡಿಯನ್ ದರ ಎಷ್ಟು ಅಂತ ಕೇಳಿ. ನಮ್ಮ ಒಂದು ರೂಪಾಯಿಗೆ ಅವರ 1 ರೂಪಾಯಿ 60 ಪೈಸೆ. ಗಡಿಯಾರ ನಮಗಿಂತ 15 ನಿಮಿಷ ಮುಂದೆ, ಕೈಗಡಿಯಾರ ಕಟ್ಟೋರು ಮರೀದೆ ತಿರುಗಿಸಿ, ಮಂಥಲಿ ಸಾಲಲ್ಲಿ ಆ ಹದಿನೈದು ನಿಮಿಷಕ್ಕೆ ಮೂವತ್ತು ಜನ ಮುಂದೆ ಹೋಗಿರ್ತಾರೆ. ಇನ್ಶೂರೆನ್ಸ್ ತಗೊಳ್ಳೋವಾಗ 5,000 ಮೀಟರ್ ಮೇಲೂ, ಹೆಲಿಕಾಪ್ಟರ್ ರೆಸ್ಕ್ಯೂಗೂ ಅನ್ವಯ ಆಗುತ್ತಾ ಅಂತ ಪಾಲಿಸಿ ಕಾಗದದಲ್ಲೇ ಓದಿ.

ಹಾಗಾದ್ರೆ ಯಾರಿಗೆ ಯಾವ್ದು? ಅಕ್ಟೋಬರ್ ನವೆಂಬರ್ ಅಥವಾ ಏಪ್ರಿಲ್ ಮೇನಲ್ಲಿ ಹೋಗೋರು, ಆರೋಗ್ಯ ಚೆನ್ನಾಗಿರೋರು, ರಜೆ ಬಿಗಿಯಾಗಿರೋರು ಕಣ್ಮುಚ್ಚಿ ಮಂಥಲಿ ಹಿಡೀರಿ, ಹಿಂದಿನ ದಿನವೇ ಹೋಗಿ ಮಲಗಿ. ಚಳಿಗಾಲದಲ್ಲಿ ಹೋಗೋರು, ಎರಡು ದಿನ ಹೆಚ್ಚು ಇರೋರು, ರಸ್ತೆ ಪ್ರಯಾಣ ಆಗದವರು ಕಠ್ಮಂಡುವಿಂದ ಹಾರಿ, ಮಂಜಿಗೆ ತಯಾರಾಗಿರಿ. ಹದಿನೈದು ಇಪ್ಪತ್ತು ದಿನ ರಜೆ ಇದ್ದು ವಿಮಾನ ಭಯ ಇರೋರು ಜೀಪಲ್ಲಿ ಹೋಗಿ.

ಈಗ ಅಪ್ಪನೂ ಬರ್ತೀನಿ ಅಂತ ಹಠ ಹಿಡಿದಿದ್ದಾರೆ, ಅರವತ್ತೆಂಟು ವರ್ಷ, ಬೇಸ್ ಕ್ಯಾಂಪ್ ತನಕ ಅಲ್ಲ, ನಾಮ್ಚೆ ಮೇಲೆ ಹೋಗಿ ಎವರೆಸ್ಟ್ ಒಂದು ಸಲ ಕಣ್ಣಲ್ಲಿ ನೋಡಿ ಬಂದ್ರೆ ಸಾಕಂತೆ. ಅಕ್ಕ ಫೋನ್ ಮಾಡಿ "ಅಪ್ಪಂಗೆ ಆ ರಾತ್ರಿ ವ್ಯಾನ್ ಮಾತ್ರ ಬೇಡ ಕಣೋ" ಅಂದ್ಲು. ಏಪ್ರಿಲ್ ಮೊದಲ ವಾರ ಮಂಥಲಿ ಟಿಕೆಟ್ ತೆಗೆದಿದ್ದೀನಿ, ಕಠ್ಮಂಡುವಿಂದ ಬೆಳಗ್ಗೆ ಎಂಟಕ್ಕೆ ಕಾರು, ಧುಲಿಖೇಲ್‌ನಲ್ಲಿ ತಿಂಡಿ, ಸಂಜೆಯೊಳಗೆ ಮಂಥಲಿ, ಮಾರನೇ ದಿನ ಎರಡನೇ ಸುತ್ತಿನ ವಿಮಾನ, ವಾಪಸ್ ಬರೋಕೆ ಮೂರು ದಿನ ಖಾಲಿ ಬಿಟ್ಟಿದ್ದೀನಿ. ಅಪ್ಪ ಈಗಲೇ ಮನೆಯ ತೂಕದ ಮಿಷನ್ ಮೇಲೆ ಬ್ಯಾಗ್ ಇಟ್ಟು ನೋಡ್ತಿದ್ದಾರಂತೆ, ಒಂಬತ್ತು ಕೆಜಿ ಆರುನೂರು ಗ್ರಾಂ.